ಹಳೆಯ ಹುಡುಗರ ಸಾಹಸ ಪತ್ರಿಕೆಗಳು: ಸೈನ್ಸ್ ಫಿಕ್ಷನ್ ಓದುಗರು ಯಾವುದಕ್ಕೆ ಕೈ ಹಾಕಬೇಕು?

ಸೈನ್ಸ್ ಫಿಕ್ಷನ್ ಬಗ್ಗೆ ಇಂಗ್ಲಿಷಿನಲ್ಲಿ ಬರುವ ವಿಮರ್ಶೆ ಓದುವವರಿಗೆ ಒಂದು ಮಾತು ಪದೇ ಪದೇ ಸಿಗುತ್ತದೆ: "ಇದು ಬಾಯ್ಸ್ ಓನ್ ಥರದ ಕಥೆ." ಕೆಲವರು ಪ್ರೀತಿಯಿಂದ ಹೇಳುತ್ತಾರೆ. ಜಾಸ್ತಿ ಜನ ಮೂಗು ಮುರಿದು ಹೇಳುತ್ತಾರೆ. ಗಟ್ಟಿ ಗುಂಡಿಗೆಯ ನಾಯಕ, ಜೊತೆಗೊಬ್ಬ ನಂಬಿಕಸ್ಥ ಗೆಳೆಯ, ಒಂದು ಅದ್ಭುತ ಯಂತ್ರ, ಒಬ್ಬ ದುಷ್ಟ, ಕೊನೆಗೆ ಗೆಲುವು. ಇಷ್ಟಿದ್ದರೆ ಸಾಕು, ಆ ಹೆಸರು ಅಂಟಿಬಿಡುತ್ತದೆ.

ನಾನೂ ಎಷ್ಟೋ ವರ್ಷ ಆ ಮಾತನ್ನು ಹಾಗೇ ಒಪ್ಪಿಕೊಂಡಿದ್ದೆ. ಆಮೇಲೆ ಆ ಹಳೆಯ ಪತ್ರಿಕೆಗಳನ್ನೇ ಒಂದೊಂದಾಗಿ ತೆಗೆದು ಓದಲು ಶುರು ಮಾಡಿದೆ. ಒಂದೇ ಹೆಸರಿನ ಕೆಳಗೆ ಕನಿಷ್ಠ ನಾಲ್ಕೈದು ಬೇರೆ ಬೇರೆ ಜಾತಿಯ ಪತ್ರಿಕೆಗಳನ್ನು ತುರುಕಿಟ್ಟಿದ್ದಾರೆ ಅಂತ ಆಗ ಗೊತ್ತಾಯಿತು. ಒಂದು ಚರ್ಚಿನ ಸಂಘ ನಡೆಸಿದ್ದು. ಒಂದು ಮೇಷ್ಟರ ಕೈಯಲ್ಲಿ ಬೆಳೆದದ್ದು. ಒಂದು ಐದು ಸೆಂಟಿನ ಅಗ್ಗದ ಮಾಲು. ಇನ್ನೊಂದು ಕಣ್ಣಿಗೆ ಹಬ್ಬ. ಯಾವುದನ್ನು ಮೊದಲು ಓದಬೇಕು ಅನ್ನೋದು ನೀವು ಯಾಕೆ ಓದುತ್ತೀರಿ ಅನ್ನೋದರ ಮೇಲೆ ನಿಂತಿದೆ. ಎಲ್ಲವನ್ನೂ ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ, ಅಲ್ವಾ? ಅದಕ್ಕೇ ಈ ಹೋಲಿಕೆ.

ಹೆಸರು ಕೊಟ್ಟ ಪತ್ರಿಕೆ

ಮೊದಲು ಬಾಯ್ಸ್ ಓನ್ ಪೇಪರ್. ಲಂಡನ್ನಿನ ರಿಲಿಜಿಯಸ್ ಟ್ರ್ಯಾಕ್ಟ್ ಸೊಸೈಟಿ ಇದನ್ನು 1879ರ ಜನವರಿ 18ರಂದು ಶುರು ಮಾಡಿತು. ವಾರಪತ್ರಿಕೆ, ಬೆಲೆ ಒಂದು ಪೆನ್ನಿ. ಆಗ ಇಂಗ್ಲೆಂಡಿನ ಹುಡುಗರು 'ಪೆನ್ನಿ ಡ್ರೆಡ್‌ಫುಲ್' ಅನ್ನುವ ಕೊಲೆ, ದರೋಡೆಯ ಕಥೆಗಳ ಹಿಂದೆ ಬಿದ್ದಿದ್ದರು. ಅದೇ ಒಂದು ಪೆನ್ನಿಗೆ ಒಳ್ಳೆಯದನ್ನು ಕೊಟ್ಟರೆ ಹುಡುಗರು ಈ ಕಡೆ ಬರುತ್ತಾರೆ ಅನ್ನುವುದು ಸೊಸೈಟಿಯವರ ಲೆಕ್ಕ. ಆ ಲೆಕ್ಕ ತಪ್ಪಲಿಲ್ಲ. ಪತ್ರಿಕೆ 1967ರವರೆಗೆ ನಡೆಯಿತು.

ಆದರೆ ಇಲ್ಲಿ ಸೈನ್ಸ್ ಫಿಕ್ಷನ್ ಹುಡುಕಿಕೊಂಡು ಹೋದರೆ ನಿರಾಸೆ ಆಗುತ್ತದೆ. ಮೊದಲ ಸಂಚಿಕೆಯ ಮೊದಲ ಕಥೆ ಒಂದು ಫುಟ್‌ಬಾಲ್ ಪಂದ್ಯದ್ದು. ಆಮೇಲೂ ಬೋರ್ಡಿಂಗ್ ಶಾಲೆ, ಹಡಗು, ಕಾಡು, ಯುದ್ಧ, ಈಜು, ಮೊಲ ಸಾಕುವುದು ಹೇಗೆ, ಇಂಥವೇ ಜಾಸ್ತಿ. ಫ್ರೆಂಚ್ ಲೇಖಕ ಜೂಲ್ಸ್ ವರ್ನ್ ಕಾದಂಬರಿಗಳ ಇಂಗ್ಲಿಷ್ ಅನುವಾದ ಧಾರಾವಾಹಿಯಾಗಿ ಬಂದದ್ದು ನಿಜ. ಅಷ್ಟು ಬಿಟ್ಟರೆ ಭವಿಷ್ಯದ ಕಡೆ ಈ ಪತ್ರಿಕೆ ಹೆಚ್ಚು ನೋಡಿದ್ದೇ ಇಲ್ಲ.

ಹಾಗಾದರೆ ಯಾಕೆ ಓದಬೇಕು? ದನಿಗಾಗಿ. ಓದುಗರ ಪತ್ರಗಳಿಗೆ ಉತ್ತರ ಕೊಡುವ ಪುಟ ತೆರೆದು ನೋಡಿ. ಪ್ರಶ್ನೆಯನ್ನು ಅಚ್ಚು ಹಾಕುವುದೇ ಇಲ್ಲ, ಬರೀ ಉತ್ತರ. ಅದೂ ಒಂದೆರಡು ಸಾಲು, ಹೆಡ್‌ಮಾಸ್ಟರ್ ಗದರಿದ ಹಾಗೆ. ಹುಡುಗ ಏನೇ ಕೇಳಿರಲಿ, ತಣ್ಣೀರು ಸ್ನಾನ ಮಾಡು ಅನ್ನುವ ಸಲಹೆ ಎಲ್ಲಾದರೂ ನುಸುಳಿಬಿಡುತ್ತದೆ. ಜಗತ್ತೆಲ್ಲ ನಮ್ಮ ಮನೆಯಂಗಳ, ನಾವು ಹೇಳಿದ್ದೇ ಸರಿ ಅನ್ನುವ ಆ ನಂಬಿಕೆ ಪುಟಪುಟದಲ್ಲೂ ಇದೆ. ಅದನ್ನೊಮ್ಮೆ ಕಿವಿಯಾರೆ ಕೇಳಿಸಿಕೊಂಡರೆ ಸ್ಟೀಮ್‌ಪಂಕ್ ಕಥೆಗಳು, ಅಂದರೆ ಉಗಿಯಂತ್ರಗಳ ಕಾಲವನ್ನೇ ಕಲ್ಪನೆಯಲ್ಲಿ ಬೆಳೆಸುವ ಈಗಿನ ಕಥೆಗಳು, ಯಾರ ದನಿಯನ್ನು ಆಡಿ ತೋರಿಸುತ್ತಿವೆ ಅಂತ ತಟ್ಟನೆ ಹೊಳೆಯುತ್ತದೆ. ಮೈಕೆಲ್ ಮೂರ್‌ಕಾಕ್ 1971ರ 'ದಿ ವಾರ್‌ಲಾರ್ಡ್ ಆಫ್ ದಿ ಏರ್' ಕಾದಂಬರಿಯಲ್ಲಿ 1902ರ ಬ್ರಿಟಿಷ್ ಅಧಿಕಾರಿಯೊಬ್ಬನನ್ನು 1973ಕ್ಕೆ ತಂದು ನಿಲ್ಲಿಸುತ್ತಾರೆ. ಅಲ್ಲಿ ಸಾಮ್ರಾಜ್ಯಗಳು ಇನ್ನೂ ಬಿದ್ದಿಲ್ಲ, ಆಕಾಶದ ತುಂಬ ಏರ್‌ಶಿಪ್‌ಗಳು, ಅಂದರೆ ಅನಿಲದ ಬಲದಿಂದ ತೇಲುವ ಹಡಗುಗಳು. ಅಧಿಕಾರಿಗೆ ಮೊದಲು ಎಲ್ಲ ಚೆಂದವೇ ಕಾಣುತ್ತದೆ. ಆಮೇಲೆ ಆ ಚೆಂದಕ್ಕೆ ಯಾರು ಬೆಲೆ ಕೊಡುತ್ತಿದ್ದಾರೆ ಅನ್ನುವುದು ಕಾಣತೊಡಗುತ್ತದೆ. ಮೂಲದ ದನಿ ಗೊತ್ತಿಲ್ಲದಿದ್ದರೆ ಈ ಕಾದಂಬರಿಯ ಅರ್ಧ ಏಟು ನಮಗೆ ತಾಗುವುದೇ ಇಲ್ಲ.

ಒಂದು ವರ್ಷದ ಕಟ್ಟು ಸಂಪುಟ, ಅದರಲ್ಲೂ 1880 ಅಥವಾ 90ರ ದಶಕದ್ದು, ಒಂದು ಸಂಜೆ ತಿರುವಿಹಾಕಿದರೆ ಸಾಕು. ಪೂರ್ತಿ ಓದುವ ಅಗತ್ಯ ಇಲ್ಲ.

ಮೇಷ್ಟರ ಪತ್ರಿಕೆ, ನಮ್ಮ ನೀಮೊ

ಕನ್ನಡದವರು ಒಂದನ್ನೇ ಓದುವುದಾದರೆ ಯಾವುದು ಅಂತ ಕೇಳಿದರೆ, ನಾನು ಪ್ಯಾರಿಸ್ಸಿನ ಪತ್ರಿಕೆಯ ಕಡೆ ಕೈ ತೋರಿಸುತ್ತೇನೆ. ಪ್ರಕಾಶಕ ಪಿಯೆರ್ ಜೂಲ್ ಎಟ್ಜೆಲ್ ಮತ್ತು ಶಿಕ್ಷಣಕ್ಕಾಗಿ ದುಡಿದ ಜಾನ್ ಮಾಸೆ ಸೇರಿ 1864ರ ಮಾರ್ಚ್‌ನಲ್ಲಿ ಇದನ್ನು ಹೊರತಂದರು. ಹೆಸರಿನ ಅರ್ಥ 'ಶಿಕ್ಷಣ ಮತ್ತು ಮನರಂಜನೆಯ ಪತ್ರಿಕೆ'. ಮೊದಲ ಸಂಚಿಕೆಯಿಂದಲೇ ಜೂಲ್ಸ್ ವರ್ನ್ ಧಾರಾವಾಹಿ ಬಂತು, ಉತ್ತರ ಧ್ರುವಕ್ಕೆ ಹೊರಟ ಕ್ಯಾಪ್ಟನ್ ಹ್ಯಾಟೆರಸ್ ಕಥೆ. 1869-70ರಲ್ಲಿ ಸಮುದ್ರದಡಿಯ ಇಪ್ಪತ್ತು ಸಾವಿರ ಲೀಗ್ ಬಂದದ್ದೂ ಇದರಲ್ಲೇ.

ವರ್ನ್ ಓದಿದವರೆಲ್ಲ ಒಂದು ದೂರು ಹೇಳುತ್ತಾರೆ. ಕಥೆ ಓಡುತ್ತಿರುವಾಗ ಮಧ್ಯೆ ಪುಟಗಟ್ಟಲೆ ಮೀನಿನ ಹೆಸರು ಯಾಕೆ? ಪತ್ರಿಕೆಯ ಹೆಸರಲ್ಲೇ ಉತ್ತರ ಇದೆ. ಶಿಕ್ಷಣ ಮೊದಲು, ಮನರಂಜನೆ ಆಮೇಲೆ. ಮಗು ಕಥೆಯ ಆಸೆಗೆ ಕೂರುತ್ತದೆ, ಕೂತ ಮೇಲೆ ಎರಡು ತುತ್ತು ಪಾಠ ಹಾಕಬೇಕು. ಕಥೆ ನಿಲ್ಲಿಸಿ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸುವ ಅಭ್ಯಾಸ ಇವತ್ತಿಗೂ ಸೈನ್ಸ್ ಫಿಕ್ಷನ್‌ನಲ್ಲಿ ಉಳಿದಿದೆ. ಅದರ ಒಂದು ದೊಡ್ಡ ಬೇರು ಇಲ್ಲಿದೆ ಅಂತ ನನ್ನ ನಂಬಿಕೆ.

ನಮಗೆ ಹತ್ತಿರದ ವಿಷಯ ಇನ್ನೊಂದಿದೆ. ಆ ಇಪ್ಪತ್ತು ಸಾವಿರ ಲೀಗ್ ಕಥೆಯಲ್ಲಿ ಬರುವ ನಾಟಿಲಸ್ ಜಲಾಂತರ್ಗಾಮಿಯ ಕ್ಯಾಪ್ಟನ್ ನೀಮೊ ಯಾರು? ವರ್ನ್ ಮೊದಲು ಅಂದುಕೊಂಡದ್ದು ರಷ್ಯಾದ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ಪೋಲೆಂಡಿನವನು ಅಂತ. ಎಟ್ಜೆಲ್ ಒಪ್ಪಲಿಲ್ಲ. ರಷ್ಯಾದಲ್ಲಿ ಪುಸ್ತಕ ಮಾರಾಟ ಆಗಬೇಕಲ್ಲ! ಹಾಗಾಗಿ ಆ ಕಥೆಯಲ್ಲಿ ನೀಮೊನ ಊರು, ಹೆಸರು ಗುಟ್ಟಾಗಿಯೇ ಉಳಿಯಿತು. ಗುಟ್ಟು ಬಿಚ್ಚಿಕೊಂಡದ್ದು ಇದೇ ಪತ್ರಿಕೆಯಲ್ಲಿ 1874-75ರಲ್ಲಿ ಬಂದ ನಿಗೂಢ ದ್ವೀಪದ ಕಥೆಯಲ್ಲಿ. ನೀಮೊ ಭಾರತದವನು. ಬುಂದೇಲ್‌ಖಂಡದ ರಾಜನ ಮಗ, ರಾಜಕುಮಾರ ಡಕ್ಕಾರ್. ವರ್ನ್ ಇನ್ನೂ ಒಂದು ಮಾತು ಸೇರಿಸುತ್ತಾರೆ: ಇವನು ಟಿಪ್ಪು ಸುಲ್ತಾನನ ಅಣ್ಣತಮ್ಮಂದಿರ ಕಡೆಯ ಮಗನೋ ಅಕ್ಕತಂಗಿಯರ ಕಡೆಯವನೋ ಅಂತ ಬಿಡಿಸಿ ಹೇಳದೆ, ಟಿಪ್ಪುವಿನ ಸೋದರ ಸಂಬಂಧದ ಹುಡುಗ ಅನ್ನುತ್ತಾರೆ. ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರಲ್ಲಿ. ಅದಾಗಿ ಮುಕ್ಕಾಲು ಶತಮಾನದ ಮೇಲೆ ಪ್ಯಾರಿಸ್ಸಿನ ಮಕ್ಕಳು ಆ ಹೆಸರನ್ನು ಧಾರಾವಾಹಿಯಲ್ಲಿ ಓದುತ್ತಿದ್ದರು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಿಗೂಢ ದ್ವೀಪದ (ಇಂಗ್ಲಿಷಿನಲ್ಲಿ 'ದಿ ಮಿಸ್ಟೀರಿಯಸ್ ಐಲ್ಯಾಂಡ್') ಅನುವಾದ ಆರಿಸುವಾಗ ಹುಷಾರಾಗಿರಬೇಕು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಹಳೆಯ ಇಂಗ್ಲಿಷ್ ಅನುವಾದ 1875ರದ್ದು, ಡಬ್ಲ್ಯೂ. ಎಚ್. ಜಿ. ಕಿಂಗ್‌ಸ್ಟನ್ ಹೆಸರಿನಲ್ಲಿ ಬಂದದ್ದು. ಕಿಂಗ್‌ಸ್ಟನ್ ಹುಡುಗರ ಸಾಹಸ ಕಥೆಗಳ ದೊಡ್ಡ ಹೆಸರು, ಬಾಯ್ಸ್ ಓನ್ ಪೇಪರ್‌ಗೂ ಬರೆದವರು. ಆ ಅನುವಾದದಲ್ಲಿ ನೀಮೊನ ಸಿಟ್ಟನ್ನೇ ತಿರುಚಿದ್ದಾರೆ. 1857ರ ದಂಗೆಯ ಮಾತು ಬಂದಾಗ, ದೇಶಕ್ಕೆ ಶಾಂತಿ ತಂದ ಇಂಗ್ಲಿಷರ ಮೇಲೆ ಅಜ್ಞಾನಿ ಜನರನ್ನು ಎತ್ತಿಕಟ್ಟಿದರು ಅನ್ನುವ ಅರ್ಥದ ಸಾಲುಗಳು ಬರುತ್ತವೆ. ಅದು ವರ್ನ್ ಬರೆದದ್ದಲ್ಲ. ನಿಮ್ಮ ಕೈಯಲ್ಲಿರುವ ಪ್ರತಿ ಯಾವುದು ಅಂತ ತಿಳಿಯಲು ಮೂರನೇ ಭಾಗದ 16ನೇ ಅಧ್ಯಾಯ ತೆಗೆಯಿರಿ. ನೀಮೊನ ಹಿಂದಿನ ಕಥೆ ಬರುವುದು ಅಲ್ಲೇ. ಇಂಗ್ಲಿಷರನ್ನು ಹೊಗಳಿದ ಸಾಲು ಕಂಡರೆ ಆ ಪ್ರತಿ ಬಿಟ್ಟುಬಿಡಿ. 2001ರಲ್ಲಿ ಸಿಡ್ನಿ ಕ್ರಾವಿಟ್ಜ್ ಮತ್ತು ಜೋರ್ಡನ್ ಸ್ಟಂಪ್ ಬೇರೆ ಬೇರೆಯಾಗಿ ಮಾಡಿದ ಎರಡು ಹೊಸ ಅನುವಾದಗಳು ಬಂದಿವೆ. ಅವುಗಳಲ್ಲಿ ಯಾವುದಾದರೂ ಆದೀತು. ಫ್ರೆಂಚ್ ಬರುವವರಿಗಂತೂ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ಜಾಲತಾಣದಲ್ಲಿ ಮೂಲ ಪತ್ರಿಕೆಯೇ ಚಿತ್ರಗಳ ಸಮೇತ ಇದೆ.

ಐದು ಸೆಂಟಿನ ಉಗಿ ಮನುಷ್ಯ

ಅಮೆರಿಕದ ಕಥೆಯೇ ಬೇರೆ. ಅಲ್ಲಿ ಚರ್ಚೂ ಇಲ್ಲ, ಮೇಷ್ಟರೂ ಇಲ್ಲ, ಬರೀ ವ್ಯಾಪಾರ. 1868ರಲ್ಲಿ ನ್ಯೂವಾರ್ಕಿನ ಝಾಡಕ್ ಡೆಡ್ರಿಕ್ ಅನ್ನುವವರು ಗಾಡಿ ಎಳೆಯುವ ಉಗಿಯಂತ್ರದ ಮನುಷ್ಯನಿಗೆ ಪೇಟೆಂಟ್ ಪಡೆದರು. ಅದೇ ವರ್ಷ ಎಡ್ವರ್ಡ್ ಎಸ್. ಎಲ್ಲಿಸ್ ಉಗಿ ಮನುಷ್ಯನ ಕಥೆ ಬರೆದೇಬಿಟ್ಟರು. 1876ರಲ್ಲಿ 'ಬಾಯ್ಸ್ ಆಫ್ ನ್ಯೂಯಾರ್ಕ್' ಪತ್ರಿಕೆ ಅದೇ ಜಾಡಿನಲ್ಲಿ ಫ್ರಾಂಕ್ ರೀಡ್ ಅನ್ನುವ ಹುಡುಗ ಸಂಶೋಧಕನನ್ನು ತಂದಿತು. ಆಮೇಲೆ ಅವನ ಮಗ ಫ್ರಾಂಕ್ ರೀಡ್ ಜೂನಿಯರ್ ಬಂದ. ಮಗನ ಕಥೆಗಳನ್ನು ಹೆಚ್ಚಾಗಿ ಬರೆದವರು ಬ್ರೂಕ್ಲಿನ್ನಿನ ಲೂಯಿಸ್ ಸೆನಾರೆನ್ಸ್, ಹದಿಹರೆಯದಲ್ಲೇ ಬರವಣಿಗೆ ಶುರು ಮಾಡಿದವರು. 1892ರಿಂದ 1898ರವರೆಗೆ ಫ್ರಾಂಕ್ ರೀಡ್ ಲೈಬ್ರರಿ ಅಂತ 191 ಸಂಚಿಕೆ ಬಂದವು.

ಮುಖಪುಟಗಳು ಮಾತ್ರ ಸೊಗಸು. ಹಡಗಿನ ಒಡಲು, ಮೇಲೆ ಹಾಯಿಯ ಬದಲು ಕಂಬಕ್ಕೊಂದರಂತೆ ತಿರುಗುವ ರೆಕ್ಕೆ, ಅದು ಬೆಟ್ಟದ ಮೇಲೆ ತೇಲುತ್ತಿರುತ್ತದೆ. ಒಳಗಿನ ಕಥೆ ಒಂದೇ ಅಚ್ಚಿನದು. ಹುಡುಗ ಯಂತ್ರ ಕಟ್ಟುತ್ತಾನೆ, ಹೊರಡುತ್ತಾನೆ, ದಾರಿಯಲ್ಲಿ ಅಮೆರಿಕದ ಮೂಲನಿವಾಸಿಗಳನ್ನೋ ಬೇರೆ ನಾಡಿನವರನ್ನೋ ಗುಂಡಿಟ್ಟು ಕೊಲ್ಲುತ್ತಾನೆ, ನಿಧಿ ತರುತ್ತಾನೆ. ಕೊಂದದ್ದರ ಬಗ್ಗೆ ಯಾರಿಗೂ ಒಂದು ಚೂರು ನೋವಿಲ್ಲ. ಓದುವಾಗ ನಿಜಕ್ಕೂ ಹೊಟ್ಟೆ ತೊಳಸುತ್ತದೆ. ಜಾಣ ಹುಡುಗ ಗ್ಯಾರೇಜಿನಲ್ಲಿ ಕಟ್ಟಿದ ಯಂತ್ರ ಲೋಕವನ್ನೇ ಗೆಲ್ಲುತ್ತದೆ ಅನ್ನುವ ಕಥೆಯ ಮಾದರಿಗೆ ವಿಮರ್ಶಕ ಜಾನ್ ಕ್ಲೂಟ್ 'ಎಡಿಸೊನೇಡ್' ಅಂತ ಹೆಸರಿಟ್ಟರು. ಇವತ್ತಿನ ಸೂಪರ್‌ಹೀರೋ ಸಂಶೋಧಕರ ಮುತ್ತಜ್ಜ ಇವನೇ. ಅದನ್ನು ತಿಳಿಯಬೇಕು ಅನ್ನುವವರು ಎರಡು ಸಂಚಿಕೆ ಓದಿ, ಅಷ್ಟು ಸಾಕು. ಅಮೆರಿಕದ ವಿಶ್ವವಿದ್ಯಾಲಯಗಳು ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿವೆ. ಥಾಮಸ್ ಪಿಂಚನ್ 2006ರ 'ಅಗೇನ್ಸ್ಟ್ ದ ಡೇ' ಕಾದಂಬರಿಯಲ್ಲಿ 'ಚಮ್ಸ್ ಆಫ್ ಚಾನ್ಸ್' ಅನ್ನುವ ಏರ್‌ಶಿಪ್ ಹುಡುಗರ ತಂಡ ತಂದಿದ್ದಾರೆ. ಅದನ್ನು ಓದುವ ಮನಸ್ಸಿದ್ದರೆ ಮೊದಲು ಇದನ್ನು ನೋಡಿಕೊಳ್ಳಿ. ಮಕ್ಕಳ ಕೈಗೆ ಮಾತ್ರ ಕೊಡಬೇಡಿ.

1930ರ ದಶಕ, ಬೇಗ ಬೇಗ

ಬ್ರಿಟನ್ನಿನಲ್ಲಿ ಆಗ ಎರಡು ಪೆನ್ನಿಯ ಪತ್ರಿಕೆಗಳ ಸುಗ್ಗಿ. ಡಂಡೀ ಊರಿನ ಡಿ. ಸಿ. ಥಾಮ್ಸನ್ ಸಂಸ್ಥೆ ಅಡ್ವೆಂಚರ್, ರೋವರ್, ವಿಝರ್ಡ್, ಸ್ಕಿಪ್ಪರ್, ಹಾಟ್ಸ್‌ಪರ್ ಅಂತ ಐದು ಹೊರಡಿಸುತ್ತಿತ್ತು. ಜಾರ್ಜ್ ಆರ್ವೆಲ್ 1940ರಲ್ಲಿ ಹುಡುಗರ ವಾರಪತ್ರಿಕೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಎರಡು ವಿಷಯ ಗುರುತಿಸಿದರು. ಹಳೆಯ ಶಾಲೆ ಕಥೆಗಳಲ್ಲಿ ಕಾಲ 1910ರಲ್ಲೇ ನಿಂತುಬಿಟ್ಟಿದೆ. ಹೊಸ ಪತ್ರಿಕೆಗಳಲ್ಲಿ ಮಂಗಳ ಗ್ರಹದವರು, ಸಾವಿನ ಕಿರಣಗಳು ತುಂಬಿಕೊಂಡಿವೆ. ಆ ಪ್ರಬಂಧ ಓದಿದರೆ ಈ ದಶಕದ ಮುಕ್ಕಾಲು ಪಾಲು ಕೈಗೆ ಸಿಕ್ಕ ಹಾಗೆ.

ಬರೀ ಸೈನ್ಸ್ ಫಿಕ್ಷನ್‌ಗೇ ಅಂತ ಬಂದ ಬ್ರಿಟನ್ನಿನ ಮೊದಲ ವಾರಪತ್ರಿಕೆ 'ಸ್ಕೂಪ್ಸ್' ಈ ಕಾಲದ್ದೇ. 1934ರ ಫೆಬ್ರವರಿಯಲ್ಲಿ ಹುಟ್ಟಿತು, ಜೂನ್‌ನಲ್ಲಿ ನಿಂತಿತು. ಒಟ್ಟು 20 ಸಂಚಿಕೆ. ಹುಡುಗರಿಗೆ ಬರೆಯಬೇಕೋ ದೊಡ್ಡವರಿಗೋ ಅನ್ನುವುದು ಅದಕ್ಕೆ ಕೊನೆಯವರೆಗೂ ಬಗೆಹರಿದಂತೆ ಕಾಣುವುದಿಲ್ಲ. ಹಳೆ ಪತ್ರಿಕೆ ಸಂಗ್ರಹಿಸುವ ಹುಚ್ಚು ಇರುವವರಿಗೆ ಸರಿ. ಓದಿನ ಸುಖಕ್ಕೆ ಬೇಡ.

ಈಗಲ್: ಮೊದಲು ನೋಡಿ, ಆಮೇಲೆ ಓದಿ

1950ರ ಏಪ್ರಿಲ್ 14. ಯುದ್ಧ ಮುಗಿದು ಐದು ವರ್ಷ ಆಗಿದೆ. ಬ್ರಿಟನ್ನಿನಲ್ಲಿ ಇನ್ನೂ ರೇಷನ್, ಎಲ್ಲೆಲ್ಲೂ ಬೂದು ಬಣ್ಣ. ಆಗ ಅಂಗಡಿಗೆ ಈಗಲ್ ಅನ್ನುವ ಹುಡುಗರ ಕಾಮಿಕ್ಸ್ ವಾರಪತ್ರಿಕೆ ಬಂತು. ದೊಡ್ಡ ಹಾಳೆ, ಕೆಂಪು ತಲೆಪಟ್ಟಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಆ ಹದ್ದಿನ ಚಿತ್ರಕ್ಕೆ ಮಾದರಿ ಒಂದು ಹಿತ್ತಾಳೆಯ ಮಸಿಕುಡಿಕೆಯ ಮೇಲಿದ್ದ ಹಕ್ಕಿಯಂತೆ. ಮುಖಪುಟದಿಂದಲೇ ಬಾಹ್ಯಾಕಾಶ ಪೈಲಟ್ ಡ್ಯಾನ್ ಡೇರ್‌ನ ಬಣ್ಣಬಣ್ಣದ ಚಿತ್ರಕಥೆ ಶುರು. ಮೊದಲ ಸಂಚಿಕೆ ಸುಮಾರು 9 ಲಕ್ಷ ಪ್ರತಿ ಖರ್ಚಾಯಿತು.

ಹಿಂದೆ ಇದ್ದವರು ಒಬ್ಬ ಪಾದ್ರಿ. ಸೌತ್‌ಪೋರ್ಟ್ ಪಕ್ಕದ ಬರ್ಕ್‌ಡೇಲ್ ಚರ್ಚಿನ ಮಾರ್ಕಸ್ ಮಾರಿಸ್. ಅಮೆರಿಕದಿಂದ ಬರುತ್ತಿದ್ದ ಭೀಕರ ಕಾಮಿಕ್ಸ್ ನೋಡಿ ತಳಮಳಗೊಂಡು, ಒಳ್ಳೆಯದನ್ನು ತಾವೇ ಮಾಡಲು ಹೊರಟರು. 1879ರಲ್ಲಿ ಸೊಸೈಟಿ ಹಾಕಿದ ಲೆಕ್ಕವೇ ಇದು, 71 ವರ್ಷದ ಮೇಲೆ ಮತ್ತೆ. ಡ್ಯಾನ್ ಡೇರ್‌ನನ್ನು ಮೊದಲು ಬಾಹ್ಯಾಕಾಶ ಪಡೆಯ ಪಾದ್ರಿ ಅಂತಲೇ ಯೋಚಿಸಿದ್ದರು. ಆಮೇಲೆ ಪೈಲಟ್ ಮಾಡಿದರು.

ಚಿತ್ರಕಾರ ಫ್ರಾಂಕ್ ಹ್ಯಾಂಪ್ಸನ್ ಕೆಲಸ ಮಾಡಿದ ರೀತಿ ತಿಳಿದರೆ ಆ ಪುಟಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ. ಸ್ಟುಡಿಯೋ ಅಂದರೆ ಸೌತ್‌ಪೋರ್ಟಿನ ಒಂದು ಹಳೆ ಬೇಕರಿ. ಗಗನನೌಕೆಗಳ ಮಾದರಿ ಮಾಡಿಟ್ಟುಕೊಂಡು, ಬೆಳಕು ಯಾವ ಕಡೆಯಿಂದ ಬಿದ್ದರೆ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಿ ಬರೆಯುತ್ತಿದ್ದರು. ಮನೆಯವರನ್ನು, ಜೊತೆಗಾರರನ್ನು ನಿಲ್ಲಿಸಿ ಫೋಟೋ ತೆಗೆದು, ಅದನ್ನು ನೋಡಿ ಮುಖ, ಕೈಕಾಲು ಬರೆಯುತ್ತಿದ್ದರು. ಪಡೆಯ ಮುಖ್ಯಸ್ಥ ಸರ್ ಹ್ಯೂಬರ್ಟ್‌ನ ಮುಖ ಹ್ಯಾಂಪ್ಸನ್ ಅವರ ತಂದೆಯದು. ಸೈನ್ಸ್ ಫಿಕ್ಷನ್ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಶುರುವಿನಲ್ಲಿ ಕೆಲವು ತಿಂಗಳು ವಿಜ್ಞಾನದ ಸಲಹೆ ಕೊಟ್ಟಿದ್ದರು.

ಕಥೆಯೂ ಹಗುರವಲ್ಲ. ಕಾಲ 1990ರ ದಶಕ, ಭೂಮಿಯಲ್ಲಿ ಊಟಕ್ಕೆ ತತ್ವಾರ. ಶುಕ್ರ ಗ್ರಹದಲ್ಲಿ ಆಹಾರ ಬೆಳೆಯಬಹುದೇ ಅಂತ ನೋಡಲು ನೌಕೆಗಳು ಹೊರಡುತ್ತವೆ, ಒಂದೂ ವಾಪಸ್ ಬರುವುದಿಲ್ಲ. ಮನೆಯಲ್ಲಿ ರೇಷನ್ ಚೀಟಿ ಹಿಡಿದು ಕೂತ ಹುಡುಗನಿಗೆ ಇದು ಎಷ್ಟು ಹತ್ತಿರದ ಕಥೆ ಆಗಿರಬೇಕು! ಶತ್ರು ಮೀಕಾನ್, ಹಸಿರು ಮೈ, ದೊಡ್ಡ ತಲೆ, ಬುದ್ಧಿ ಮಾತ್ರ ಇದ್ದು ಕರುಣೆ ಇಲ್ಲದವನು. ತಂಡದಲ್ಲಿ ಅಮೆರಿಕದವನೂ ಇದ್ದಾನೆ, ಫ್ರಾನ್ಸಿನವನೂ ಇದ್ದಾನೆ. ಪ್ರೊಫೆಸರ್ ಪೀಬಾಡಿ ಅನ್ನುವವರು ಬರುತ್ತಾರೆ ಅಂತ ಕಾಯುತ್ತಿದ್ದರೆ ಬರುವವಳು ಹೆಣ್ಣುಮಗಳು. ಸರ್ ಹ್ಯೂಬರ್ಟ್ ಗೊಣಗುತ್ತಾರೆ, ಆಕೆ ತನ್ನ ಕೆಲಸ ಮಾಡಿ ತೋರಿಸುತ್ತಾಳೆ. 1950ರ ಹುಡುಗರ ಪತ್ರಿಕೆಯಲ್ಲಿ ಇದು ಸಣ್ಣ ಮಾತಲ್ಲ. ಆದರೂ ಇಡೀ ಪಡೆ ಬ್ರಿಟಿಷ್ ವಾಯುಪಡೆಯ ಹಾಗೇ ಇದೆ. ಸಮವಸ್ತ್ರ, ಮಾತು, ಆಫೀಸರ್ ಡ್ಯಾನ್, ಅವನ ಸೇವಕನಂಥ ಡಿಗ್ಬಿ. ಆ ಹಳೆ ಸಾಮ್ರಾಜ್ಯದ ಮೆಟ್ಟಿಲುಗಳು ಬಾಹ್ಯಾಕಾಶಕ್ಕೂ ಹೋಗಿವೆ. ಇವತ್ತಿನ ಬ್ರಿಟಿಷ್ ಕಾಮಿಕ್ಸ್ ಲೇಖಕರು ಮತ್ತೆ ಮತ್ತೆ ಬಂದು ಕೆರೆಯುವುದು ಇದೇ ಜಾಗವನ್ನು.

ಕೊಳ್ಳುವುದಾದರೆ ಒಂದು ಲೆಕ್ಕ ನೆನಪಿಡಿ. ಹ್ಯಾಂಪ್ಸನ್ ಡ್ಯಾನ್ ಡೇರ್ ಬಿಟ್ಟದ್ದು 1959ರಲ್ಲಿ. ಅದಕ್ಕಿಂತ ಹಿಂದಿನದನ್ನೇ ಹುಡುಕಿ. ಪತ್ರಿಕೆ 1969ರವರೆಗೆ ನಡೆದರೂ ಆ ಕಳೆ ಇಲ್ಲ. ಟೈಟನ್ ಬುಕ್ಸ್ 2004ರಿಂದ ಮರುಮುದ್ರಣ ತಂದಿದೆ. ಶುಕ್ರ ಗ್ರಹದ ಮೊದಲ ಕಥೆ ಅದರಲ್ಲಿ ಸಿಗುತ್ತದೆ. ಮರುಮುದ್ರಣದಲ್ಲಿ ಡ್ಯಾನ್ ಡೇರ್ ಮಾತ್ರ ಇರುತ್ತಾನೆ, ಪತ್ರಿಕೆಯ ನಡುಪುಟದ ಸೀಳುಚಿತ್ರ ಇರುವುದಿಲ್ಲ. ರೈಲು ಎಂಜಿನ್ನನ್ನೋ ಹಡಗನ್ನೋ ಉದ್ದಕ್ಕೆ ಸೀಳಿ, ಒಳಗಿನ ಒಂದೊಂದು ಭಾಗಕ್ಕೂ ನಂಬರ್ ಹಾಕಿ ತೋರಿಸುವ ಆ ಚಿತ್ರಗಳಿಗಾಗಿಯೇ ಒಂದಾದರೂ ಮೂಲ ಸಂಚಿಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಸ್ಕೌಟ್ ಹುಡುಗರ ಪತ್ರಿಕೆ

ಕಥೆಯ ಗುಣವೊಂದನ್ನೇ ನೋಡಿದರೆ ನನ್ನ ಓಟು ಅಮೆರಿಕದ ಸ್ಕೌಟ್ ಸಂಸ್ಥೆಯ 'ಬಾಯ್ಸ್ ಲೈಫ್' ಪತ್ರಿಕೆಗೆ. ಇದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ, ಅದು ಬೇಸರದ ಸಂಗತಿ. 1950ರಲ್ಲಿ ರಾಬರ್ಟ್ ಹೈನ್‌ಲೈನ್ ಅವರ 'ಸ್ಯಾಟಲೈಟ್ ಸ್ಕೌಟ್' ಇದರಲ್ಲಿ ಧಾರಾವಾಹಿಯಾಗಿ ಬಂತು. 'ಫಾರ್ಮರ್ ಇನ್ ದ ಸ್ಕೈ' ಕಾದಂಬರಿಯ ಚಿಕ್ಕ ರೂಪ ಅದು. ಗುರು ಗ್ರಹದ ಉಪಗ್ರಹ ಗ್ಯಾನಿಮೀಡ್‌ಗೆ ಬೇಸಾಯಕ್ಕೆ ಹೋದ ಕುಟುಂಬದ ಹುಡುಗನ ಕಥೆ. ಕಾದಂಬರಿಯಲ್ಲಿ ನನಗೆ ಎದ್ದು ಕಂಡದ್ದು ಮಣ್ಣು. ಅಲ್ಲಿ ಮಣ್ಣೇ ಇಲ್ಲ, ಬರೀ ಬಂಡೆ. ಬಂಡೆಯನ್ನು ಪುಡಿ ಮಾಡಬೇಕು, ಅದಕ್ಕೆ ಜೀವ ಇರುವ ಮಣ್ಣು ಬೆರೆಸಬೇಕು, ಕಾಯಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯುತ್ತೇವಲ್ಲ, ಹಾಗೆ. ಹೊಲದ ಮಣ್ಣು ಮುಟ್ಟಿ ಬೆಳೆದವರಿಗೆ ಈ ಪುಟಗಳು ಬೇರೆಯದೇ ರುಚಿ ಕೊಡುತ್ತವೆ.

1964ರ ಮಾರ್ಚ್ ಸಂಚಿಕೆಯಲ್ಲಿ ಆರ್ಥರ್ ಸಿ. ಕ್ಲಾರ್ಕ್ ಕಥೆ 'ಸನ್‌ಜ್ಯಾಮರ್' ಬಂತು. ಸೂರ್ಯನ ಬೆಳಕು ತಳ್ಳುವ ಬಲದಿಂದಲೇ ಓಡುವ ಹಾಯಿನೌಕೆಗಳ ಪಂದ್ಯ. ಶತ್ರು ಇಲ್ಲ, ಬಂದೂಕು ಇಲ್ಲ. ತೆಳ್ಳನೆ ಹಾಯಿ, ಬೆಳಕು, ಗೆಲ್ಲುವ ಆಸೆ, ಅಷ್ಟೇ. 2010ರಲ್ಲಿ ಜಪಾನಿನ ಇಕಾರೋಸ್ ನೌಕೆ ಇದೇ ರೀತಿ ಸೌರಹಾಯಿ ಬಿಚ್ಚಿ ಬಾಹ್ಯಾಕಾಶದಲ್ಲಿ ಸಾಗಿ ತೋರಿಸಿತು. "ಬಾಯ್ಸ್ ಓನ್ ಥರ" ಅಂತ ಮೂಗು ಮುರಿಯುವವರಿಗೆ ನಾನು ಓದಲು ಕೊಡುವುದು ಈ ಕಥೆಯನ್ನೇ. ಇದೂ ಹುಡುಗರ ಪತ್ರಿಕೆಯಲ್ಲೇ ಬಂದದ್ದು. ಹಳೆಯ ಸಂಚಿಕೆಗಳನ್ನು ಗೂಗಲ್ ಬುಕ್ಸ್‌ನಲ್ಲಿ ಖರ್ಚಿಲ್ಲದೆ ಓದಬಹುದು.

ಯಾರಿಗೆ ಯಾವುದು?

ಕಾಮಿಕ್ಸ್ ಪ್ರೀತಿಸುವವರು ಈಗಲ್‌ನಿಂದ ಶುರು ಮಾಡಿ, ಬೇರೆ ಯೋಚನೆಯೇ ಬೇಡ. ಸ್ಟೀಮ್‌ಪಂಕ್ ಬರೆಯಲು ಹೊರಟವರು ಬಾಯ್ಸ್ ಓನ್ ಪೇಪರ್‌ನ ಒಂದು ಸಂಪುಟವನ್ನೂ ಫ್ರಾಂಕ್ ರೀಡ್‌ನ ಒಂದೆರಡು ಸಂಚಿಕೆಯನ್ನೂ ಜೊತೆಗಿಟ್ಟು ಓದಿ. ಒಂದರಲ್ಲಿ ಮಾತಿನ ಧಾಟಿ ಸಿಗುತ್ತದೆ, ಇನ್ನೊಂದರಲ್ಲಿ ಯಂತ್ರ. ಕನ್ನಡದಲ್ಲಿ ಮಕ್ಕಳಿಗೆ ವಿಜ್ಞಾನ ಕಥೆ ಬರೆಯುವ ಆಸೆ ಇರುವವರು ಎಟ್ಜೆಲ್ ಪತ್ರಿಕೆಯನ್ನೂ ಬಾಯ್ಸ್ ಲೈಫ್ ಅನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಾಠವನ್ನು ಕಥೆಯೊಳಗೆ ಹೇಗೆ ಬೆರೆಸಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಸಿಕ್ಕಿಲ್ಲ. ಅವರಿಗೆ ಕಲ್ಕತ್ತೆಯ 'ಸಂದೇಶ್' ಪತ್ರಿಕೆಯನ್ನೂ ಹೇಳಲೇಬೇಕು. ಉಪೇಂದ್ರಕಿಶೋರ್ ರಾಯ್ 1913ರಲ್ಲಿ ಶುರು ಮಾಡಿದ್ದು. ಮೊಮ್ಮಗ ಸತ್ಯಜಿತ್ ರಾಯ್ 1961ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟರು, ಅವರ ಕಥೆಗಳ ವಿಜ್ಞಾನಿ ಪ್ರೊಫೆಸರ್ ಶೋಂಕು ಹುಟ್ಟಿದ್ದು ಅದರಲ್ಲೇ. ಶೋಂಕು ಕಥೆಗಳ ಇಂಗ್ಲಿಷ್ ಅನುವಾದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ.

ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಮೊದಲು ಡ್ಯಾನ್ ಡೇರ್ ಪುಟಗಳನ್ನು ಕೈಗೆ ಕೊಟ್ಟು ಸುಮ್ಮನಿರಿ, ಇಂಗ್ಲಿಷ್ ಪೂರ್ತಿ ಬರದಿದ್ದರೂ ಚಿತ್ರವೇ ಎಳೆದುಕೊಂಡು ಹೋಗುತ್ತದೆ. ಆಮೇಲೆ ಒಂದು ರಾತ್ರಿ ಊಟ ಆದ ಮೇಲೆ ಸನ್‌ಜ್ಯಾಮರ್ ಕಥೆಯನ್ನು ನೀವೇ ಕನ್ನಡದಲ್ಲಿ ಹೇಳಿ. ನಿಗೂಢ ದ್ವೀಪವನ್ನು ಬೇಸಿಗೆ ರಜಕ್ಕೆ ಇಟ್ಟುಕೊಳ್ಳಿ, ಅದು ದೊಡ್ಡದು. ಸಾಧ್ಯವಾದರೆ ಆ 16ನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಮಕ್ಕಳನ್ನು ಒಮ್ಮೆ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿಬನ್ನಿ.